ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಷರ

ಮಾದನಹಿಪ್ಪರಗಾ ಎಂದರೆ ಎಲ್ಲಿ ಎಂದು ನಮ್ಮ ಕಡೆಯ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಕಲಬುರಗಿ ಜಿಲ್ಲೆ, ಆಳಂದ ತಾಲೂಕು. ಮಹಾರಾಷ್ಟ್ರದ ಗಡಿ ಹತ್ತಿರ. ಸುತ್ತ ಕಪ್ಪು ಮಣ್ಣು, ತೊಗರಿ ಹೊಲ, ಬಿಸಿಲು. ಕರಾವಳಿಯ ಎಷ್ಟೋ ಉಸ್ತಾದರು ಕೆಲಸ ಹುಡುಕಿ ಘಟ್ಟ ಹತ್ತಿದ ಹಾಗೆ ನಾನೂ ಹತ್ತಿ, ಅಲ್ಲಿ ಐದು ವರ್ಷ ಮಕ್ಕಳಿಗೆ ಕಲಿಸಿದೆ. ಹೋದ ಮೊದಲ ತಿಂಗಳು ರಾತ್ರಿ ಮಳೆಯ ಶಬ್ದ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಜೋಳದ ರೊಟ್ಟಿಯೂ ಅಭ್ಯಾಸವಾಯಿತು, ಅಲ್ಲಿನ ಮಾತೂ ಅಭ್ಯಾಸವಾಯಿತು.

ನಾನಿದ್ದ ಕೋಣೆಯ ಹಿಂದೆ ನೀರಿನ ಟಾಕಿ. ಅದರ ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲು. ನನಗಿಂತ ಮೊದಲು ಇದ್ದವರೂ ಅದರ ಮೇಲೆಯೇ ಬಟ್ಟೆ ಒಗೆದಿದ್ದರಂತೆ, ನಾನೂ ಒಗೆದೆ. ಸುಮಾರು ಒಂದು ವರ್ಷ. ಒಂದು ದಿನ ಹತ್ತಿರದ ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರು ಯಾವುದೋ ಮಗುವಿನ ವಿಷಯ ಮಾತಾಡಲು ಬಂದವರು ನನ್ನ ಕೈ ಹಿಡಿದರು.

“ಮೌಲಾನಾ, ಜರಾ ತಡೀರಿ. ಅದು ಒಗ್ಯಾಣದ ಕಲ್ಲಲ್ರಿ. ಅದರ ಮ್ಯಾಲ ಅಕ್ಷರ ಅದಾವ.”

ಸೋಪಿನ ನೊರೆ ತೊಳೆದು ನೋಡಿದೆವು. ಮೇಲಿನ ತುದಿಯಲ್ಲಿ ಸೂರ್ಯ, ಚಂದ್ರ, ಕೆಳಗೆ ಕರುವಿಗೆ ಹಾಲೂಡುವ ಹಸು. ಅದರ ಕೆಳಗೆ ಸವೆದು ಹೋದ ಹಳೆಗನ್ನಡದ ಸಾಲುಗಳು. ದಾನ ಕೊಟ್ಟ ಕಲ್ಲು ಅದು, ಸೂರ್ಯ ಚಂದ್ರ ಇರುವವರೆಗೆ ಈ ದಾನ ನಡೆಯಲಿ ಎಂಬ ಅರ್ಥಕ್ಕೆ ಆ ಚಿತ್ರ ಎಂದು ಮಾಸ್ತರರು ಹೇಳಿದರು. ಯಾರು ಕೊಟ್ಟದ್ದು, ಯಾರಿಗೆ, ಎಷ್ಟು ಭೂಮಿ, ಅದೆಲ್ಲ ಇದ್ದ ಸಾಲುಗಳನ್ನು ನಮ್ಮ ಒಗೆತ ತಿಂದು ಹಾಕಿತ್ತು. ನನ್ನ ಒಂದು ವರ್ಷದ ಪಾಲೂ ಅದರಲ್ಲಿ ಇದೆ. ಆ ದಿನ ನನಗೆ ಬೇಜಾರಾಗಲಿಲ್ಲ, ನಿಜ ಹೇಳುತ್ತೇನೆ, ಆಶ್ಚರ್ಯ ಮಾತ್ರ ಆಯಿತು. ಬೇಜಾರು ಬಂದದ್ದು ಬಹಳ ತಡವಾಗಿ, ಬೇರೆ ಕಾರಣಕ್ಕೆ. ಅದನ್ನು ಮುಂದೆ ಹೇಳುತ್ತೇನೆ.

ಹೀಗೆ ಶುರುವಾಯಿತು ನಮ್ಮ ಗುರುವಾರದ ಕೂಟ. ಇಶಾ ಆದ ಮೇಲೆ ಆರೇಳು ಜನ ಕಟ್ಟೆಯ ಮೇಲೆ ಕೂರುವುದು. ಮಾಸ್ತರರು, ಕಿರಾಣಿ ಅಂಗಡಿಯವರೊಬ್ಬರು, ಪಿಯುಸಿ ಓದುವ ಇಬ್ಬರು ಹುಡುಗರು, ಒಬ್ಬ ಟಂಟಂ ಡ್ರೈವರ್, ಎಲ್ಲರೂ ಮುತ್ಯಾ ಎಂದು ಕರೆಯುವ ಹಿರಿಯರು, ನಾನು. ಮಾಸ್ತರರು ಕಲಬುರಗಿಯಿಂದ ಒಂದು ದಪ್ಪ ಜೆರಾಕ್ಸ್ ತಂದಿದ್ದರು. ಪಿ.ಬಿ. ದೇಸಾಯಿ ಅವರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಕೂಡಿಸಿ 1958ರಲ್ಲಿ ತಂದ ಪುಸ್ತಕದ್ದು. ಅದು ಇಂಗ್ಲಿಷಿನಲ್ಲಿ ಇತ್ತು, ಶಾಸನದ ಪಾಠ ಮಾತ್ರ ಕನ್ನಡ. ಮಾಸ್ತರರು ಅರ್ಧ ಪುಟ ಓದುವುದು, ಉಳಿದವರು ಅರ್ಥ ಕೇಳುವುದು. ಮೂರನೇ ವಾರಕ್ಕೆ ಕಿರಾಣಿಯವರು ಆಕಳಿಸಿದರು. ಮುತ್ಯಾ ಗೊರಕೆ ಹೊಡೆದರು. ಓದುವುದು ಎಲ್ಲರಿಗೂ ಒಗ್ಗುವ ವಿದ್ಯೆ ಅಲ್ಲ, ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರಿಗಂತೂ ಅಲ್ಲ.

ಆಗ ಹುಡುಗರಲ್ಲಿ ಒಬ್ಬ ಫೋನಿನಲ್ಲಿ ಪಾಡ್‌ಕಾಸ್ಟ್ ಹಾಕಿದ. ನಾನು ಆ ಪದ ಕೇಳಿದ್ದೇ ಮೊದಲು. ರೇಡಿಯೋ ಹಾಗೆಯೇ, ಆದರೆ ನಮಗೆ ಬೇಕಾದಾಗ ಕೇಳಬಹುದು, ನಿಲ್ಲಿಸಬಹುದು, ತಿರುಗಿ ಹಾಕಬಹುದು, ಇಷ್ಟೇ ವ್ಯತ್ಯಾಸ. ಬ್ರಿಟಿಷ್ ಮ್ಯೂಸಿಯಂ ಮತ್ತು ಬಿಬಿಸಿ ಸೇರಿ 2010ರಲ್ಲಿ ಮಾಡಿದ, ನೂರು ವಸ್ತುಗಳಲ್ಲಿ ಲೋಕದ ಚರಿತ್ರೆ ಹೇಳುವ ಮಾಲಿಕೆ ಅದು. ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ನೀಲ್ ಮೆಕ್‌ಗ್ರೆಗರ್ ಒಂದು ಕಲ್ಲನ್ನೋ ಪಾತ್ರೆಯನ್ನೋ ಮುಂದೆ ಇಟ್ಟುಕೊಂಡು ಹದಿನೈದು ನಿಮಿಷ ಮಾತಾಡುತ್ತಾರೆ. ಅದರಲ್ಲಿ ಅಶೋಕನ ಕಂಬದ ತುಂಡೊಂದೂ ಇದೆ. ಹುಡುಗ ಎರಡು ನಿಮಿಷ ಕೇಳಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದ, ತಪ್ಪಿದ್ದನ್ನು ಮಾಸ್ತರರು ತಿದ್ದುತ್ತಿದ್ದರು. ಮುಗಿಯುವ ಹೊತ್ತಿಗೆ ಮುತ್ಯಾ ಎದ್ದು ಕೂತಿದ್ದರು.

“ಲಂಡನ್‌ನ್ಯಾಗ ಇಟ್ಟಾರಂದ್ರ ದೊಡ್ಡ ಮಾತು. ಆ ಅಶೋಕ ನಮ್ಮ ಸನ್ನತಿಗೂ ಬಂದಿದ್ನಲ್ಲ?” ಎಂದರು.

ಸನ್ನತಿಯ ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ನನಗೂ ಆಗ ಗೊತ್ತಿರಲಿಲ್ಲ. ಅದೇ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಊರು. ಚಂದ್ರಲಾಂಬಾ ದೇವಸ್ಥಾನಕ್ಕೆ ಹೆಸರಾದದ್ದು. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಛಾವಣಿ ಕುಸಿಯಿತು, ಮೂರ್ತಿ ಒಡೆಯಿತು. ಅವಶೇಷ ತೆಗೆದು ನೋಡಿದರೆ ಮೂರ್ತಿ ಕೂತಿದ್ದ ಪೀಠದ ಕಲ್ಲಿನ ಎರಡೂ ಬದಿಗೆ ಬ್ರಾಹ್ಮಿ ಲಿಪಿಯ ಅಕ್ಷರ. ಭಾಷೆ ಪ್ರಾಕೃತ. ಪರಿಣತರು ಓದಿದಾಗ ಅಶೋಕನ ಶಾಸನ ಎಂದಾಯಿತು. ಯಾರೋ ಯಾವ ಕಾಲದಲ್ಲೋ ಆ ಕಲ್ಲಿಗೆ ನಡುವೆ ತೂತು ಕೊರೆದು ಪೀಠ ಮಾಡಿಕೊಂಡಿದ್ದರು. ತೂತಿನ ಜಾಗದ ಅಕ್ಷರಗಳು ಹೋದವು. ಆದರೆ ಪೀಠವಾಗಿ ಮುಚ್ಚಿ ಹೋದದ್ದರಿಂದಲೇ ಉಳಿದವು ಉಳಿದವು. ಆ ಕಲ್ಲಿನಲ್ಲಿ ಇರುವ ಶಾಸನಗಳಲ್ಲಿ ಒಂದು, ವಿದ್ವಾಂಸರು 12ನೆಯದು ಎಂದು ಎಣಿಸುವ ಶಾಸನ. ತನ್ನ ಪಂಥವನ್ನು ಹೊಗಳಲು ಹೋಗಿ ಇನ್ನೊಬ್ಬರ ಪಂಥವನ್ನು ಹೀಯಾಳಿಸುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ, ಮಾತಿನಲ್ಲಿ ಹಿಡಿತ ಇರಲಿ ಎಂಬುದು ಅದರ ತಾತ್ಪರ್ಯ. ಇದನ್ನು ಮಾಸ್ತರರು ಹೇಳಿದಾಗ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮುಂದಿನ ತಿಂಗಳು ಒಂದು ಕ್ರೂಸರ್ ಮಾಡಿಕೊಂಡು ಹೋದೆವು. ಸನ್ನತಿಯ ಹತ್ತಿರವೇ ಕನಗನಹಳ್ಳಿ. ಅಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಒಂದು ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಕೆತ್ತನೆ. ಅದರಲ್ಲಿ ಒಂದರಲ್ಲಿ ರಾಜ ರಾಣಿಯರು, ಸುತ್ತ ಪರಿಚಾರಕಿಯರು, ಮೇಲೆ ‘ರಾಯೋ ಅಸೋಕೋ’ ಎಂದು ಬರೆದಿದೆ. ಅಶೋಕನ ಚಿತ್ರಕ್ಕೆ ಅವನದೇ ಹೆಸರು ಬರೆದಿಟ್ಟದ್ದು ಸಿಕ್ಕಿದ್ದರಿಂದ ಈ ಚಪ್ಪಡಿಗೆ ಅಷ್ಟು ಬೆಲೆ. ಮುತ್ಯಾ ಬಿಸಿಲಿನಲ್ಲಿ ಟೋಪಿ ತೆಗೆದು ಬೀಸಿಕೊಳ್ಳುತ್ತ ಬಹಳ ಹೊತ್ತು ನಿಂತರು. “ನಮ್ಮ ಹೊಲದಾಗ ನೇಗಿಲಿಗಿ ಹತ್ತಿದ್ವು ಇಂಥಾವು, ಬದುವಿಗಿ ಹಾಕೀವಿ” ಎಂದರು. ಯಾವ ಹೊಲ, ಯಾವ ಬದು ಎಂದು ಮಾಸ್ತರರು ಕೇಳಿ ಬರೆದುಕೊಂಡರು.

ಆ ನಾಡಿನ ಭಾಗ್ಯ ನೋಡಿ. ಈಗ ಯಾದಗಿರಿ ಜಿಲ್ಲೆಗೆ ಸೇರಿದ ಹುಣಸಗಿಯ ಹತ್ತಿರ ಇಸಾಂಪುರದಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಿಂದಿನ ಮನುಷ್ಯರು ಸುಣ್ಣಕಲ್ಲು ಒಡೆದು ಆಯುಧ ಮಾಡಿದ ಜಾಗವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆದು ತೋರಿಸಿದರು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಂಡ ಶಾಸನದಲ್ಲಿ, ‘ದೇವಾನಾಂಪ್ರಿಯ’ ಎಂದು ಬರೆಸಿಕೊಳ್ಳುತ್ತಿದ್ದ ರಾಜನ ಜೊತೆಗೆ ಅಶೋಕ ಎಂಬ ಹೆಸರು ಮೊದಲ ಬಾರಿ ಒಟ್ಟಿಗೆ ಸಿಕ್ಕಿತು. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ ಭೀಮಾ ದಂಡೆಗೆ ಫಿರೋಜಾಬಾದ್, ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ ಅರಮನೆಯ ಪಟ್ಟಣ. ಬಸ್ಸಿನಲ್ಲಿ ಕೂತವರು ಆ ಗೋಡೆಗಳನ್ನು ನೋಡಿ ಮುಖ ತಿರುಗಿಸಿ ಫೋನ್ ನೋಡುತ್ತಾರೆ. ನಾನೂ ಎಷ್ಟು ಸಲ ಹಾಗೆ ಮಾಡಿದ್ದೇನೆ.

ಮಸ್ಕಿಯ ಮಾತು ಬಂದದ್ದರಿಂದ ಇನ್ನೊಂದು ಹೆಸರು ಹೇಳದೆ ಮುಂದೆ ಹೋಗಲಾರೆ. ಗುಲಾಮ್ ಯಜ್ದಾನಿ. ನಿಜಾಮರ ಹೈದರಾಬಾದ್ ರಾಜ್ಯ 1914ರಲ್ಲಿ ಪುರಾತತ್ವ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತವರು. ಆ ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕವೇ ಮಸ್ಕಿಯ ಅಶೋಕ ಶಾಸನದ ಕುರಿತದ್ದು, ಬರೆದವರು ಎಚ್. ಕೃಷ್ಣ ಶಾಸ್ತ್ರಿ. ಅಜಂತಾದ ಚಿತ್ರಗಳು ಗೋಡೆಯಿಂದ ಉದುರುತ್ತಿದ್ದಾಗ ಇಟಲಿಯಿಂದ ಕುಶಲಿಗಳನ್ನು ಕರೆಸಿ ಉಳಿಸಿದ್ದು, ಆ ಚಿತ್ರಗಳ ಬಗ್ಗೆ ನಾಲ್ಕು ದೊಡ್ಡ ಸಂಪುಟ ತಂದದ್ದು, ಬೀದರಿನ ಕೋಟೆ ಗುಂಬಜುಗಳ ಬಗ್ಗೆ 1947ರಲ್ಲಿ ಪುಸ್ತಕ ಬರೆದದ್ದು ಯಜ್ದಾನಿಯವರೇ. ಅರಬಿ ಫಾರ್ಸಿ ಶಾಸನಗಳನ್ನು ಓದಿ ಅಚ್ಚು ಮಾಡುವ ಪತ್ರಿಕೆಯನ್ನೂ ವರ್ಷಗಟ್ಟಲೆ ನಡೆಸಿದರು. ಅವರ ನಂತರದ ಕಾಲದಲ್ಲಿ ಜಿಯಾಉದ್ದೀನ್ ದೇಸಾಯಿ ಅವರು ದಕ್ಷಿಣ ಭಾರತದ ಅರಬಿ, ಫಾರ್ಸಿ, ಉರ್ದು ಶಾಸನಗಳು ಎಲ್ಲೆಲ್ಲಿ ಇವೆ ಎಂದು ಊರು ಊರಿನ ಪಟ್ಟಿಯನ್ನೇ ಮಾಡಿ 1989ರಲ್ಲಿ ಪ್ರಕಟಿಸಿದರು. ಬೌದ್ಧರ ಗುಹೆಗೂ ಸುಲ್ತಾನರ ಗೋರಿಗೂ ಒಂದೇ ಶ್ರದ್ಧೆ ಕೊಟ್ಟವರು ಇವರು. ನಮ್ಮ ಮಕ್ಕಳಿಗೆ ಕ್ರಿಕೆಟಿಗರ ಹೆಸರು ಬಾಯಿಪಾಠ, ಯಜ್ದಾನಿ ಗೊತ್ತಿಲ್ಲ. ನನಗೂ ನಲವತ್ತು ತುಂಬುವ ಹೊತ್ತಿಗಷ್ಟೇ ಗೊತ್ತಾದದ್ದು, ಹಾಗಾಗಿ ಮಕ್ಕಳನ್ನು ಬೈಯುವ ಹಕ್ಕು ನನಗಿಲ್ಲ.

ಮಕ್ಕಳ ಮಾತಿಗೆ ಬರುತ್ತೇನೆ. ಶಾಸನ ಎಂದರೆ ದೊಡ್ಡ ಪಂಡಿತರ ಕೆಲಸ ಎಂದು ಹಿಂದೆ ಸರಿಯುತ್ತೇವೆ. ಆದರೆ ಮದ್ರಸಾದಲ್ಲಿ ಮೂರನೇ ಕ್ಲಾಸು ದಾಟಿದ ಮಗುವಿಗೆ ಅರಬಿ ಅಕ್ಷರ ಬರುತ್ತದಲ್ಲ? ಅರ್ಧ ಬಂಡವಾಳ ಅಲ್ಲೇ ಇದೆ. ಇನ್ನರ್ಧ ಅಬ್ಜದ್ ಲೆಕ್ಕ. ಅಲಿಫ್‌ಗೆ 1, ಬಾಗೆ 2, ಹೀಗೆ ಹತ್ತು, ನೂರು ದಾಟಿ ಗೈನ್‌ಗೆ 1000. ಲಾರಿಯ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ನೋಡುವ 786 ಇದೇ ಲೆಕ್ಕದ್ದು, ಬಿಸ್ಮಿಲ್ಲಾದ ಅಕ್ಷರಗಳನ್ನು ಕೂಡಿಸಿದ್ದು. ಹಿಂದಿನವರು ಗೋರಿಯ ಮೇಲೆ, ಮಸೀದಿಯ ಬಾಗಿಲ ಮೇಲೆ ಇಸವಿಯನ್ನು ಅಂಕಿಯಲ್ಲಿ ಬರೆಯುವ ಬದಲು ಒಂದು ಚಂದದ ನುಡಿಯೊಳಗೆ ಅಡಗಿಸುತ್ತಿದ್ದರು.

ಮಾದನಹಿಪ್ಪರಗಾದ ಮಕ್ಕಳಿಗೆ ಒಂದು ದಿನ ಬೋರ್ಡಿನ ಮೇಲೆ ಇದನ್ನೇ ಮಾಡಿಸಿದೆ. ಕಲಬುರಗಿಯ ಖಾಜಾ ಬಂದೇನವಾಜರು ತೀರಿಕೊಂಡ ವರ್ಷಕ್ಕೆ ‘ಮಖ್ದೂಮೆ ದೀನೊ ದುನ್ಯಾ’ ಎಂಬ ನುಡಿ ಹೇಳಿಕೊಂಡು ಬಂದಿದ್ದಾರೆ. ಮಖ್ದೂಮ್ 690. ದೀನ್ 64. ನಡುವಿನ ವಾವ್ 6. ದುನ್ಯಾ 65. ಕೂಡಿಸಿದರೆ 825. ಅದು ಹಿಜರಿ. ಇಸವಿ ಬೇಕಾದರೆ ಸುಲಭದ ದಾರಿ, ನೂರಕ್ಕೆ ಮೂರರಂತೆ ಕಳೆಯಿರಿ, 622 ಸೇರಿಸಿ. ಸುಮಾರು 1422 ಬರುತ್ತದೆ. ಖಾಜಾ ಸಾಹೇಬರು ತೀರಿಕೊಂಡದ್ದು 1422ರಲ್ಲೇ. ಮಕ್ಕಳು ಚೀರಾಡಿದ್ದು ಪಕ್ಕದ ಬೀದಿಗೆ ಕೇಳಿಸಿತು. ಆಮೇಲೆ ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯ ವರ್ಷ 769 ಹಿಜರಿ ಎಂದು ಕೊಟ್ಟೆ. ಒಬ್ಬಳು ಹುಡುಗಿ ಎಲ್ಲರಿಗಿಂತ ಮೊದಲು 1367 ಎಂದಳು. ನನಗೆ ಪಿಯುಸಿಯಲ್ಲಿ ಲೆಕ್ಕ ಕಬ್ಬಿಣದ ಕಡಲೆ ಆಗಿತ್ತು ಎಂಬುದನ್ನು ಅವಳಿಗೆ ಹೇಳಲಿಲ್ಲ.

ಐದು ವರ್ಷದ ನಂತರ ಉಮ್ಮನಿಗೆ ಹುಷಾರಿಲ್ಲ ಎಂದು ಊರಿಗೆ ಬಂದವನು ಇಲ್ಲೇ ನಿಂತೆ. ಕಟ್ಟೆ ತಪ್ಪಿತು, ಕೂಟ ತಪ್ಪಲಿಲ್ಲ. ಈಗ ಪ್ರತಿ ಗುರುವಾರ ನಾನೇ ಹನ್ನೆರಡು ನಿಮಿಷ ಮಾತಾಡಿ ಕಳಿಸುತ್ತೇನೆ. ಸ್ಟುಡಿಯೋ ಗಿಡಿಯೋ ಏನಿಲ್ಲ. ಫ್ಯಾನ್ ನಿಲ್ಲಿಸಿ, ಕಿಟಕಿ ಹಾಕಿ, ತಲೆಯ ಮೇಲೆ ಕಂಬಳಿ ಹೊದ್ದು ಫೋನಿಗೆ ಹೇಳುವುದು. ಕಂಬಳಿ ಹೊದ್ದರೆ ಗೋಡೆಯ ಪ್ರತಿಧ್ವನಿ ಬರುವುದಿಲ್ಲ, ಬೆವರು ಮಾತ್ರ ಬರುತ್ತದೆ. ಅಲ್ಲಿ ಮಾಸ್ತರರು ಅದನ್ನು ಕಟ್ಟೆಯ ಮೇಲೆ ಹಾಕುತ್ತಾರೆ, ಆಮೇಲೆ ಅವರ ಓದು ನಡೆಯುತ್ತದೆ. ಇಲ್ಲಿ ಕೇಳುವವರು ಹೆಚ್ಚಾಗಿ ಹೆಂಗಸರು. ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ಬೀಡಿ ಕಟ್ಟುವ ಕೈಗೆ ಪುಸ್ತಕ ಹಿಡಿಯಲು ಬಿಡುವಿಲ್ಲ, ಕಿವಿಗೆ ಬಿಡುವು ಇದೆ. ಸೂಪಿನಲ್ಲಿ ಎಲೆ ಹೊಗೆಸೊಪ್ಪು, ಪಕ್ಕದಲ್ಲಿ ಫೋನು. ನಮ್ಮ ಮನೆಯಲ್ಲೇ ಉಮ್ಮ ಒಂದು ಕಟ್ಟು ಮುಗಿಯುವುದರೊಳಗೆ ನನ್ನ ತಪ್ಪು ಹಿಡಿಯುತ್ತಾರೆ.

ಅವರಿಗೆ ಹೆಚ್ಚು ಹಿಡಿಸಿದ್ದು ನಮ್ಮದೇ ಮಂಗಳೂರಿನ ಕಥೆ. ಹನ್ನೆರಡನೇ ಶತಮಾನದಲ್ಲಿ ಟ್ಯುನೀಷಿಯಾ ಕಡೆಯ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಕರಿಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರ ಮಾಡಿದ. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ರಾಶಿ ಬಿದ್ದಿದ್ದವು. ದೇವರ ಹೆಸರು ಇರುವ ಕಾಗದ ಹರಿದು ಬಿಸಾಡಬಾರದು ಎಂದು ಅವರು ಕೂಡಿಟ್ಟದ್ದು. ನಾವೂ ಹರಿದ ಮುಸ್‌ಹಫ್ ಹಾಳೆಗಳನ್ನು ಬಿಸಾಡದೆ ಕಟ್ಟಿ ಇಡುವುದಿಲ್ಲವೇ, ಹಾಗೆ. ಆ ಕಾಗದಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಅರಬಿ ಲಿಪಿಯಲ್ಲಿ ಮಲಯಾಳಂ ಓದಿ ಬೆಳೆದ ನಮಗೆ ಇದು ಹೊಸತಲ್ಲ. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಆ ವ್ಯಾಪಾರಿಯ ಆಳು ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬರುತ್ತಾರೆ. ಅದಕ್ಕೂ ಎರಡು ಶತಮಾನದ ನಂತರ ಬಂದ ಇಬ್ನ್ ಬತೂತಾ, ಮಂಜರೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರು ಇದ್ದರು ಎಂದು ಹೇಳುತ್ತಾನೆ. ಈ ಸಂಚಿಕೆ ಕೇಳಿದ ಒಬ್ಬ ತಾಯಿ ವಾಯ್ಸ್ ಕಳಿಸಿದರು: “ಉಸ್ತಾದ್, ಆ ನಾಲ್ಕು ಸಾವಿರ ಜನ ನಮಾಜು ಮಾಡಿದ ಮಸೀದಿಯ ಒಂದು ಮರದ ತುಂಡಾದರೂ ಎಲ್ಲಿದೆ?”

ಆ ಪ್ರಶ್ನೆ ಕೇಳಿ ನಾನು ಎರಡು ದಿನ ಉತ್ತರ ಕೊಡಲಿಲ್ಲ. ಬಂದರಿನ ಝೀನತ್ ಬಕ್ಷ್ ಮಸೀದಿಯಲ್ಲಿ ಮರದ ಕೆತ್ತನೆ ಇನ್ನೂ ಕಣ್ಣು ತುಂಬುವಂತೆ ಇದೆ ಎಂದು ಹೇಳಬಹುದಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಬೇರೆ ಮಸೀದಿ. ಸುಮಾರು ಇಪ್ಪತ್ತು ವರ್ಷದ ಹಿಂದೆ, ನಾನು ಓದು ಮುಗಿಸಿ ಬಂದ ಹೊಸತರಲ್ಲಿ, ನಮ್ಮ ಮೊಹಲ್ಲಾದ ಹಳೆಯ ಮಸೀದಿ ಕೆಡವಿ ಹೊಸದು ಕಟ್ಟಬೇಕೆಂದು ಸಭೆ ಸೇರಿತು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮಳೆಗಾಲದಲ್ಲಿ ಸೋರುತ್ತಿತ್ತು, ಜಾಗ ಸಾಲುತ್ತಿರಲಿಲ್ಲ. ಕೆಡವಲೇಬೇಕಿತ್ತು, ಅದರಲ್ಲಿ ನನಗೆ ಈಗಲೂ ಸಂಶಯ ಇಲ್ಲ. ಒಳಬಾಗಿಲ ಮೇಲೆ ಒಂದು ಹಲಸಿನ ಮರದ ತೊಲೆ. ಅದರಲ್ಲಿ ಅರಬಿ ಅಕ್ಷರ ಕೆತ್ತಿತ್ತು. ಹಸಿರು ಎಣ್ಣೆಬಣ್ಣ ನಾಲ್ಕೈದು ಸಲ ಬಳಿದು ಅಕ್ಷರ ಅರ್ಧ ತುಂಬಿ ಹೋಗಿತ್ತು. ಇದನ್ನು ಏನು ಮಾಡುವುದು ಎಂದು ಹಿರಿಯರೊಬ್ಬರು ಕೇಳಿದಾಗ, ಓದು ಕಲಿತವನು ಎಂದು ಎಲ್ಲರೂ ನನ್ನ ಕಡೆ ನೋಡಿದರು. “ಗೆದ್ದಲು ಹಿಡಿದಿದೆ, ಇಟ್ಟು ಏನು ಪ್ರಯೋಜನ” ಎಂದೆ. ಯಾರೂ ಮರುಮಾತು ಆಡಲಿಲ್ಲ. ತೊಲೆ ಹಳೆಯ ಮರದ ರಾಶಿಯ ಜೊತೆ ಹೋಯಿತು. ಫೋಟೋ ಇಲ್ಲ. ಚಿಕ್ಕಂದಿನಲ್ಲಿ ಅದರ ಕೆಳಗೆ ಎಷ್ಟು ಸಾವಿರ ಸಲ ಹಾದು ಹೋಗಿದ್ದೇನೆ. ಕೊನೆಯಲ್ಲಿ ‘ಸನತ’ ಎಂಬ ಪದ ಇತ್ತೆಂದು ನೆನಪಿದೆ. ವರ್ಷ ಎಂದು ಅದರ ಅರ್ಥ. ಅದರ ಮುಂದೆ ಇದ್ದ ವರ್ಷ ಯಾವುದು ಎಂದು ನಾನು ಒಂದು ದಿನವೂ ಓದಿರಲಿಲ್ಲ.

ಬಟ್ಟೆ ಒಗೆದ ಕಲ್ಲಿಗೆ ಬಾರದ ಬೇಜಾರು ಈ ತೊಲೆಗೆ ಬಂತು.

ಆ ತಾಯಿಗೆ ಇದನ್ನೇ ಹೇಳಿದೆ, ಮುಂದಿನ ಗುರುವಾರದ ಸಂಚಿಕೆಯಲ್ಲಿ ಎಲ್ಲರಿಗೂ ಹೇಳಿದೆ. ಆಮೇಲೆ ಬಂದ ಸಂದೇಶಗಳನ್ನು ನೋಡಬೇಕಿತ್ತು. ಅಜ್ಜನ ಕಾಲದ ಖಬರಿನ ಮೀಸಾನ್ ಕಲ್ಲು, ಕೆರೆಯ ಮೆಟ್ಟಿಲು, ತೋಟದಲ್ಲಿ ಮಗುಚಿ ಬಿದ್ದ ವೀರಗಲ್ಲು. ಕೆಲವರು ಅಕ್ಷರ ಕಾಣಲಿ ಎಂದು ಸುಣ್ಣದಕಡ್ಡಿ ತಿಕ್ಕಿ ಫೋಟೋ ಕಳಿಸಿದರು. ಅದು ಬೇಡ. ಆಸಿಡ್, ತಂತಿಯ ಬ್ರಷ್, ಎಣ್ಣೆಬಣ್ಣ ಯಾವುದೂ ಬೇಡ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ, ಇಲ್ಲದಿದ್ದರೆ ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ತಗ್ಗಿನಲ್ಲಿ ನೆರಳು ಕೂತು ಅಕ್ಷರ ತಾನೇ ಎದ್ದು ಬರುತ್ತದೆ. ಶಾಸನ ಇಲಾಖೆಯವರು ಒದ್ದೆ ಕಾಗದ ಹಾಸಿ ಬ್ರಷ್‌ನಿಂದ ತಟ್ಟಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದನ್ನು ಅವರಿಗೇ ಬಿಡುವುದು ಒಳ್ಳೆಯದು. ಕಲ್ಲನ್ನು ಇದ್ದಲ್ಲಿಂದ ಎತ್ತಿ ಮನೆಗೆ ತರುವುದೂ ಬೇಡ, ಜಾಗ ತಪ್ಪಿದರೆ ಅರ್ಧ ಕಥೆ ತಪ್ಪುತ್ತದೆ. ಇನ್ನು ನಿಧಿ ಇದೆ ಎಂದು ಗೋರಿ, ಗುಡಿಯ ಅಡಿ ಅಗೆಯುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಪೊಲೀಸರು ಹೇಳುತ್ತಾರೆ.

ಇದು ಹುಚ್ಚು ಹವ್ಯಾಸ ಎಂದು ನಗುವವರಿಗೆ ಬೆಂಗಳೂರಿನ ಉದಾಹರಣೆ ಇದೆ. ಪಿ.ಎಲ್. ಉದಯ ಕುಮಾರ್ ವೃತ್ತಿಯಿಂದ ಎಂಜಿನಿಯರ್. ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಪಟ್ಟಿ ಮಾಡಿದ್ದ ಬೆಂಗಳೂರಿನ ಶಾಸನಗಳು ಈಗ ಎಲ್ಲಿವೆ ಎಂದು ಅವರೂ ಗೆಳೆಯರೂ ರಜೆಯ ದಿನ ಹುಡುಕಿಕೊಂಡು ಹೊರಟರು. ಕೆಲವು ಲೇಔಟುಗಳ ಅಡಿ ಹೋಗಿದ್ದವು, ಕೆಲವು ಚರಂಡಿಯ ಪಕ್ಕ ಇದ್ದವು. 2021ರಿಂದ ಮಿಥಿಕ್ ಸೊಸೈಟಿಯ ಆಸರೆಯಲ್ಲಿ ಒಂದೊಂದು ಕಲ್ಲನ್ನೂ ತ್ರೀಡಿ ಸ್ಕ್ಯಾನ್ ಮಾಡಿ ಇಡುವ ಕೆಲಸ ನಡೆದಿದೆ. ನಾಳೆ ಕಲ್ಲು ಹೋದರೂ ಅಕ್ಷರ ಉಳಿಯುತ್ತದೆ.

ಹೋದ ತಿಂಗಳು ಪಕ್ಕದ ತಾಲೂಕಿನ ಒಂದು ಜಮಾಅತಿನಿಂದ ಕರೆ ಬಂತು. ಅವರ ಮಸೀದಿಯನ್ನೂ ದೊಡ್ಡದು ಮಾಡುತ್ತಾರಂತೆ. ಮಿಂಬರಿನ ಮೇಲೆ ಒಂದು ಹಳೆಯ ಹಲಗೆ ಇದೆ, ಕಮಿಟಿ ಅಧ್ಯಕ್ಷರ ಮನೆಯಾಕೆ ನಮ್ಮ ಗುರುವಾರದ ಮಾತು ಕೇಳುವವರು, ಉಸ್ತಾದರು ನೋಡದೆ ತೆಗೆಯಬೇಡಿ ಎಂದು ಹಟ ಹಿಡಿದಿದ್ದಾರೆ. ಹೋದೆ. ಹಲಗೆಯಲ್ಲಿ ಎರಡು ಸಾಲು. ಮೊದಲನೆಯದು ಸಲವಾತ್, ಸುಲಭ. ಎರಡನೆಯದರಲ್ಲಿ ಅಂಕಿ ಇಲ್ಲ, ಅಬ್ಜದ್ ಇರಬೇಕು. ಫೋಟೋ ತೆಗೆದು ಅಲ್ಲಿಗೂ ಇಲ್ಲಿಗೂ ಕಳಿಸಿದೆ. ಮಾದನಹಿಪ್ಪರಗಾದಲ್ಲಿ ಅಂದು 1367 ಎಂದಿದ್ದ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ರಾತ್ರಿ ಹತ್ತೂವರೆಗೆ ಅವಳ ವಾಯ್ಸ್ ಬಂತು.

“ಮೌಲಾನಾ, ಲೆಕ್ಕ ಹಾಕ್ದೆ. ನಾನೂರು ಚಿಲ್ಲರೆ ಬರ್ಲಾಕತ್ತದ. ಅಷ್ಟು ಹಳೇದಿರ್ಲಾಕಿಲ್ಲ. ನಡುವ ಒಂದು ಅಕ್ಷರ ಬಿಟ್ಟು ಹೋಗ್ಯಾದ ಅನಸ್ತದ. ಆ ಕರೀ ಕಲೆ ಅದಲ್ಲ, ಅದರ ತೆಳಗ ಏನದ ನೋಡ್ರಿ.”

ಕರಿ ಕಲೆ ಹಳೆಯ ದೀಪದ ಮಸಿ ಇರಬೇಕು. ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಬಿಡಬಹುದು, ಬಿಡದಿದ್ದರೆ ಮುಟ್ಟುವುದಿಲ್ಲ. ಹಲಗೆಯನ್ನು ಹಾಗೆಯೇ ತೆಗೆದು ಹೊಸ ಮಸೀದಿಯ ಒಳಗೋಡೆಗೆ ಕೂರಿಸುತ್ತೇವೆ ಎಂದು ಕಮಿಟಿಯವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ಬರೆದು ಕೊಡಲು ಕೇಳಿದ್ದೇನೆ. ಈ ಗುರುವಾರ ಅಸರ್ ಆದ ಮೇಲೆ, ಪಶ್ಚಿಮದ ಕಿಟಕಿಯಿಂದ ಬಿಸಿಲು ಬರುವ ಹೊತ್ತಿಗೆ ಮತ್ತೆ ಹೋಗುತ್ತಿದ್ದೇವೆ. ಎರಡು ಟಾರ್ಚ್, ಒಂದು ಏಣಿ ತರಲು ಹೇಳಿದ್ದೇನೆ.